ಡಬ್ಬಿಯ ಮೀನೂ ವೇದಿಕೆಯ ಮೌನವೂ

ಪುಣೆಗೆ ಹೊಸದಾಗಿ ಬಂದು ಬಾಡಿಗೆ ಕೋಣೆಗಳಲ್ಲಿ ಒಂಟಿಯಾಗಿ ವಾಸಿಸುವ ಕನ್ನಡ ತರುಣ ತರುಣಿಯರಿಗೆಂದು ನಮ್ಮ ಸಂಘದವರು ಈಚೆಗೆ ಒಂದು ಭಾನುವಾರ ‘ಸುಲಭ ಅಡುಗೆ’ಯ ಕಾರ್ಯಕ್ರಮವನ್ನು ಏರ್ಪಡಿಸಿದ್ದರು. ಕಾರ್ಯಕ್ರಮ ಚೆನ್ನಾಗಿಯೇ ಇತ್ತು. ಇದನ್ನು ಮೊದಲೇ ಹೇಳಿಬಿಡುತ್ತೇವೆ, ಏಕೆಂದರೆ ಮುಂದೆ ಬರೆಯುವುದೆಲ್ಲ ದೂರೇ. ಒಂದು ಒಲೆ, ಒಂದು ಕುಕ್ಕರು, ಇಪ್ಪತ್ತು ನಿಮಿಷ ಎಂಬ ಕಟ್ಟಳೆಯೊಳಗೆ ಮೂವರು ಗೃಹಿಣಿಯರು ಬಿಸಿಬೇಳೆ ಭಾತು, ಟೊಮೆಟೊ ಭಾತು, ಒಗ್ಗರಣೆ ಅವಲಕ್ಕಿಗಳನ್ನು ಅಚ್ಚುಕಟ್ಟಾಗಿ ಮಾಡಿ ತೋರಿಸಿದರು. ಕೊನೆಗೆ ಪ್ರಶ್ನೋತ್ತರ. ಹಿಂದಿನ ಸಾಲಿನಲ್ಲಿದ್ದ ಕುಂದಾಪುರದ ಕಡೆಯ ಹುಡುಗನೊಬ್ಬ ಎದ್ದು ನಿಂತ. ಹಿಂಜವಡಿಯಲ್ಲಿ ಕೆಲಸ, ವಾಕಡದಲ್ಲಿ ಕೋಣೆ. “ಮೇಡಂ, ಅಂಗಡಿಯಲ್ಲಿ ಡಬ್ಬಿಯಲ್ಲಿ ಟ್ಯೂನಾ ಮೀನು ಸಿಗ್ತದಲ್ಲ, ಅದರಲ್ಲಿ ನಮ್ಮ ಊರಿನ ರುಚಿಗೆ ಬೇಗ ಏನಾದ್ರೂ ಮಾಡ್ಲಿಕ್ಕೆ ಆಗ್ತದಾ?” ಎಂದು ಕೇಳಿದ.

ಸಭೆಯಲ್ಲಿ ಮೊದಲು ನಗು. ಆಮೇಲೆ ಮೌನ. ಅಡುಗೆ ಮಾಡಿದ ತಾಯಂದಿರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ವೇದಿಕೆಯ ಮೇಲಿದ್ದ ಹಿರಿಯರೊಬ್ಬರು ಮೈಕನ್ನು ತಮ್ಮ ಕಡೆಗೆ ಎಳೆದುಕೊಂಡು, “ತಮ್ಮಾ, ಅದೆಲ್ಲ ನಮ್ಮ ಸಂಸ್ಕೃತಿಯಲ್ಲಪ್ಪ, ಬೇರೆ ಏನಾದರೂ ಇದ್ದರೆ ಕೇಳು” ಎಂದರು. ಹುಡುಗ ಕೂತುಬಿಟ್ಟ. ಕಾಫಿಯ ಹೊತ್ತಿಗೆ ಹುಡುಕಿದೆವು, ಹೊರಟುಹೋಗಿದ್ದ.

ನಾವು ನಕ್ಕವರಲ್ಲ. ಆದರೆ ಎದ್ದು ಉತ್ತರ ಹೇಳಿದವರೂ ಅಲ್ಲ. ಕರಾವಳಿಯಲ್ಲಿ ಹುಟ್ಟಿ, ಮೀನು ತಿಂದು ಬೆಳೆದು, ಎಷ್ಟೋ ವರ್ಷಗಳಿಂದ ಈ ಊರಿನ ಉಪ್ಪು ತಿನ್ನುತ್ತಿರುವ ನಮಗೆ ಆ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಸಭಾಮರ್ಯಾದೆ ಎಂದುಕೊಂಡು ನುಂಗಿಕೊಂಡೆವು. ಆ ಸಾಲವನ್ನು ತೀರಿಸುವುದಕ್ಕೆ ಈ ಬರಹ.

ಹಿರಿಯರು ಹೇಳಿದ ‘ನಮ್ಮ’ ಎಂಬ ಮಾತನ್ನೇ ಮೊದಲು ಹಿಡಿಯೋಣ. ಈ ‘ನಮ್ಮ’ದೊಳಗೆ ಯಾರು ಯಾರು ಬರುತ್ತಾರೆ? ಕಾರವಾರ, ಅಂಕೋಲೆ, ಕುಮಟೆ, ಹೊನ್ನಾವರಗಳವರು ಬರುತ್ತಾರೆಯೆ? ಮಲ್ಪೆ, ಗಂಗೊಳ್ಳಿ, ಉಳ್ಳಾಲ? ಹೊಳೆಯ ಮೀನು ಹಿಡಿದು ಹುಳಿ ಮಾಡುವ ಮಲೆನಾಡಿನವರು? ನಾಡಿನ ಹೊರಗೆ ಉಳಿದ ಕಾಸರಗೋಡಿನ ಕಡಲತೀರದವರು? ಸಂಘದ ಸದಸ್ಯರ ಪಟ್ಟಿಯನ್ನು ತೆರೆದು ನೋಡಿದರೆ ಇವರೆಲ್ಲರ ಹೆಸರೂ ಸಿಗುತ್ತದೆ. ಚಂದಾ ರಸೀತಿ ಹರಿಯುವಾಗ ಇವರು ನಮ್ಮವರು, ರಾಜ್ಯೋತ್ಸವಕ್ಕೆ ಪೆಂಡಾಲಿನ ಖರ್ಚು ಹೊರುವಾಗ ಇವರು ನಮ್ಮವರು. ಊಟದ ಮಾತು ಬಂದಾಗ ಮಾತ್ರ ಕನ್ನಡ ನಾಡಿಗೆ ಕಡಲೇ ಇಲ್ಲವೆಂಬಂತೆ ನಾವು ನಡೆದುಕೊಳ್ಳುತ್ತೇವೆ. ಈ ಪತ್ರಿಕೆಯ ಅಡುಗೆ ಪುಟವನ್ನೇ ನೋಡಿ. ಹೋಳಿಗೆ ಎಷ್ಟು ಸಲ ಬಂದಿದೆ, ಮೀನು ಎಷ್ಟು ಸಲ ಬಂದಿದೆ? ನಮ್ಮ ಮನೆಯ ಕಪಾಟಿನಲ್ಲಿರುವ ಸಂಚಿಕೆಗಳಲ್ಲಂತೂ ಒಂದು ಬಂಗುಡೆಯೂ ಕಣ್ಣಿಗೆ ಬೀಳಲಿಲ್ಲ.

ಇನ್ನೊಂದು ವಿನೋದವನ್ನು ವಾಚಕರು ಗಮನಿಸಬೇಕು. ಪುಣೆಯಲ್ಲಿ ಕನ್ನಡಿಗರ ಹೆಸರನ್ನು ಮನೆಮಾತು ಮಾಡಿದ್ದು ಉಡುಪಿ ಹೋಟೆಲು. ಫರ್ಗ್ಯುಸನ್ ಕಾಲೇಜು ರಸ್ತೆಯ ವೈಶಾಲಿ, ರೂಪಾಲಿಗಳ ಇಡ್ಲಿ ದೋಸೆಗಳನ್ನು ತಿನ್ನದ ಪುಣೇಕರರಿಲ್ಲ. ಹೀಗೆ ಊರೂರಿನಲ್ಲಿ ಇಡ್ಲಿ ದೋಸೆಗಳಿಂದ ಹೆಸರು ಮಾಡಿದ ಎಷ್ಟೋ ದಕ್ಷಿಣ ಕನ್ನಡದ ಕುಟುಂಬಗಳ ಸ್ವಂತ ಮನೆಯಲ್ಲಿ ಭಾನುವಾರ ಏನು ಬೇಯುತ್ತಿತ್ತು ಎಂಬುದು ನಮಗೂ ಗೊತ್ತು, ನಿಮಗೂ ಗೊತ್ತು. ಗಿರಾಕಿಗೆ ಸಾಂಬಾರು, ಮನೆಗೆ ಮೀನಿನ ಗಸಿ. ಇದರಲ್ಲಿ ಮೋಸವಿಲ್ಲ, ವ್ಯಾಪಾರದ ನೀತಿಯಿದೆ. ಆದರೆ ಗಿರಾಕಿಗೆ ಬಡಿಸಿದ್ದನ್ನೇ ಸಂಸ್ಕೃತಿಯೆಂದು, ಮನೆಯಲ್ಲಿ ಉಂಡದ್ದನ್ನು ಸಂಸ್ಕೃತಿಯಲ್ಲವೆಂದು ಹೇಳುವ ಕಾಲ ಬಂದರೆ ಆ ಮನೆಯ ಮಕ್ಕಳು ಏನು ತಿಳಿಯಬೇಕು?

ಹಳೆಯ ಗ್ರಂಥಗಳ ಆಧಾರ ಬೇಕೆಂದು ಕೇಳುವವರೂ ಸಂಘದಲ್ಲಿದ್ದಾರೆ. ಕೊಡೋಣ. ಮೂರನೆಯ ಮಂಗರಸನ ‘ಸೂಪಶಾಸ್ತ್ರ’ ಕನ್ನಡದ ಪ್ರಸಿದ್ಧ ಪಾಕಗ್ರಂಥ, ಜೈನ ಕವಿಯ ಕೃತಿ, ಅದರಲ್ಲಿರುವುದು ಶುದ್ಧ ಸಸ್ಯಾಹಾರ. ಒಪ್ಪಿದೆವು. ಆದರೆ ಅದಕ್ಕೂ ಮುನ್ನೂರು ನಾನೂರು ವರ್ಷಗಳ ಹಿಂದೆ, ಹನ್ನೆರಡನೆಯ ಶತಮಾನದಲ್ಲಿ, ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ ಕೂತು ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ವನ್ನು ಬರೆಸಿದ. ಸಂಸ್ಕೃತದಲ್ಲಿದ್ದರೂ ಅದು ಕನ್ನಡ ನೆಲದ ಅರಮನೆಯ ಪುಸ್ತಕ. ಅದರಲ್ಲಿ ಗಾಳ ಹಾಕಿ ಮೀನು ಹಿಡಿಯುವ ವಿನೋದಕ್ಕೇ ಒಂದು ಭಾಗವಿದೆ. ಮೀನನ್ನು ಹುಣಿಸೆಯ ರಸದಲ್ಲಿ ಬೇಯಿಸುವ, ಎಣ್ಣೆಯಲ್ಲಿ ಕರಿಯುವ ಕ್ರಮಗಳನ್ನು ಹೇಳಿದೆ. ಹುಣಿಸೆ ಹುಳಿಯಲ್ಲಿ ಮೀನು! ಕುಂದಾಪುರದ ಹುಡುಗ ಕೇಳಿದ ‘ಊರಿನ ರುಚಿ’ ಇದೇ ಅಲ್ಲವೆ? ರಾಜನಿಗೆ ಆಗಿಬಂದದ್ದು ವಾಕಡದ ಬಾಡಿಗೆಯವನಿಗೆ ಯಾಕೆ ಆಗಿಬರಬಾರದು?

ಸಸ್ಯಾಹಾರಿ ಬಾಂಧವರ ಮೇಲೆ ನಮಗೆ ಕೋಪವಿಲ್ಲ. ಅವರ ಪಂಕ್ತಿಗೆ ಮೀನು ತಂದು ಬಡಿಸಿರೆಂದು ನಾವು ಕೇಳಿಲ್ಲ, ಕೇಳುವುದೂ ಇಲ್ಲ. “ನನಗೆ ಗೊತ್ತಿಲ್ಲಪ್ಪ, ಗೊತ್ತಿರುವವರು ಯಾರಾದರೂ ಇದ್ದರೆ ಹೇಳಿ” ಎಂದು ಆ ಹಿರಿಯರು ಹೇಳಿದ್ದರೆ ಸಭೆಯಲ್ಲಿ ಹತ್ತು ಕೈಗಳು ಏಳುತ್ತಿದ್ದವು, ಈ ಲೇಖನವೇ ಬೇಕಾಗುತ್ತಿರಲಿಲ್ಲ.

ಇನ್ನು ಕೆಲವರ ಆಕ್ಷೇಪ ಬೇರೆ ತರಹದ್ದು. ಕಾರ್ಯಕ್ರಮ ಮುಗಿದ ಮೇಲೆ ಮೆಟ್ಟಿಲ ಮೇಲೆ ಒಬ್ಬ ಗೆಳೆಯರು ನಮ್ಮನ್ನು ತಡೆದು, “ಮೀನಿನ ಮಾತು ಬಿಡಿ, ಡಬ್ಬಿಯ ಊಟ ನಮ್ಮದಲ್ಲವಲ್ಲ, ಅದು ವಿಲಾಯಿತಿಯದು” ಎಂದರು. ಹೌದೆ? ಕಳೆದ ರಾಜ್ಯೋತ್ಸವದ ಊಟದಲ್ಲಿ ನಾವು ಚಪ್ಪರಿಸಿದ ರಸಗುಲ್ಲ ಎಲ್ಲಿಂದ ಬಂತು? ತಗಡಿನ ಡಬ್ಬಿಯಿಂದ. ಗುಲಾಬ್‌ಜಾಮೂನಿನ ಹಿಟ್ಟು ಪೊಟ್ಟಣದಿಂದ. ಬಿಸಿಬೇಳೆ ಭಾತಿನ ಪುಡಿಯೂ ಪೊಟ್ಟಣದ್ದೇ ಎಂದು ಆ ದಿನ ಅಡುಗೆ ಮಾಡಿ ತೋರಿಸಿದವರೇ ಮುಚ್ಚುಮರೆಯಿಲ್ಲದೆ ಹೇಳಿದರು. ರವೆ ಇಡ್ಲಿ ಇಂದು ಕನ್ನಡಿಗರ ಹೆಮ್ಮೆಯ ತಿಂಡಿ. ಎರಡನೆಯ ಮಹಾಯುದ್ಧದಲ್ಲಿ ಅಕ್ಕಿ ಸಿಗದೆ ಹೋದಾಗ ತಾವು ಹುಡುಕಿದ ಉಪಾಯ ಅದೆಂದು ಬೆಂಗಳೂರಿನ ಎಂ.ಟಿ.ಆರ್.ನವರೇ ಹೇಳಿಕೊಳ್ಳುತ್ತಾರೆ. ಇಕ್ಕಟ್ಟಿನಲ್ಲಿ ಹುಟ್ಟಿದ್ದು ಎರಡು ತಲೆಮಾರಿನಲ್ಲಿ ಪರಂಪರೆಯಾಯಿತು, ಯಾರೂ ಮೂಗು ಮುರಿಯಲಿಲ್ಲ.

ಹೋಗಲಿ, ಮೀನನ್ನು ಕೆಡದಂತೆ ಇಟ್ಟು ತಿನ್ನುವುದು ನಮಗೆ ಹೊಸದೆ? ಕರಾವಳಿಯ ಆಟಿ ತಿಂಗಳ ಮಳೆಯನ್ನು ಕಂಡವರು ಉತ್ತರ ಹೇಳಲಿ. ಕಡಲು ಮುಚ್ಚಿ, ದೋಣಿಗಳು ದಡದ ಮೇಲೆ ಮಲಗಿ, ಒಂದು ಮೀನೂ ಬಾರದ ಆ ದಿನಗಳಲ್ಲಿ ಅಟ್ಟದ ಮೇಲಿನ ಒಣಮೀನು, ಭರಣಿಯ ಉಪ್ಪುಮೀನು, ಒಣಸಿಗಡಿಯ ಚಟ್ನಿ ಇವೇ ಕುಚಲಕ್ಕಿಯ ಗಂಜಿಗೆ ಜೊತೆ. ನಮ್ಮ ಅಜ್ಜಿ ಬೇಸಿಗೆಯಲ್ಲಿ ಚಾಪೆಯ ಮೇಲೆ ಮೀನು ಹರವಿ, ಕಾಗೆ ಕಾಯಲು ನಮ್ಮನ್ನು ಕೂರಿಸುತ್ತಿದ್ದರು. ಕೋಲು ಹಿಡಿದು ಕೂತ ಆ ಮಧ್ಯಾಹ್ನಗಳು ಈಗಲೂ ನೆನಪಿವೆ. ಕಾಗೆ ಒಂದೆರಡು ಒಯ್ದರೆ ಬೈಗುಳ ನಮಗೆ. ಉಪ್ಪು ಮತ್ತು ಬಿಸಿಲು ಮಾಡುತ್ತಿದ್ದ ಕೆಲಸವನ್ನು ಡಬ್ಬಿಯಲ್ಲಿ ಶಾಖ ಮಾಡುತ್ತದೆ, ಅಷ್ಟೇ ವ್ಯತ್ಯಾಸ. ಇಂದಿಗೂ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುತ್ತದೆ, ಮೀನು ಮರಿಯಿಡುವ ಕಾಲವೆಂದು. ಆ ಎರಡು ತಿಂಗಳು ಪುಣೆಯ ಮಾರುಕಟ್ಟೆಯಲ್ಲಿ ಸಿಗುವುದು ಕಡಿಮೆ, ಬೆಲೆ ಮುಗಿಲಿಗೆ.

ಟ್ಯೂನಾ ಎಂಬ ಹೆಸರು ಕೇಳಿ ಪರದೇಶಿಯೆಂದುಕೊಂಡವರೂ ಇದ್ದಾರೆ. ನಮ್ಮ ಕಡೆ ಕೇದರ ಎನ್ನುವ ಮೀನು ಇದೇ ಜಾತಿಯದು. ಮರಾಠಿಯವರು ಕುಪ್ಪಾ ಎನ್ನುತ್ತಾರೆ. ರಕ್ತದಂತೆ ಕೆಂಪಾದ ಮಾಂಸ, ಗಟ್ಟಿ, ಸ್ವಲ್ಪ ಒರಟು. ಕಾಣೆ, ಅಂಜಲ್‌ಗಳ ಮುಂದೆ ಇದಕ್ಕೆ ಮರ್ಯಾದೆ ಕಡಿಮೆಯೇ. ಇದನ್ನು ಹಿಡಿಯುವುದರಲ್ಲಿಯೂ ಒಣಗಿಸುವುದರಲ್ಲಿಯೂ ಎತ್ತಿದ ಕೈ ಲಕ್ಷದ್ವೀಪದವರದು. ಗಾಳದ ಕೋಲಿನಿಂದ ಒಂದೊಂದಾಗಿ ಹಿಡಿದು, ಬೇಯಿಸಿ, ಹೊಗೆಯಲ್ಲಿಟ್ಟು, ಬಿಸಿಲಲ್ಲಿ ಒಣಗಿಸಿ ಮರದ ತುಂಡಿನಷ್ಟು ಗಟ್ಟಿಯಾದ ‘ಮಾಸ್’ ಮಾಡುತ್ತಾರೆ. ಬೇಕಾದಷ್ಟನ್ನು ಹೆರೆದು ಅಡುಗೆಗೆ ಹಾಕುತ್ತಾರೆ. ಅಮಿನಿದಿವಿ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವೆಂಬುದು ಎಷ್ಟು ಜನರಿಗೆ ನೆನಪಿದೆ? ಮಂಗಳೂರಿನ ಹಳೆಯ ಬಂದರಿಗೂ ಆ ದ್ವೀಪಗಳಿಗೂ ಇರುವ ವ್ಯಾಪಾರ ಬಹಳ ಹಳೆಯದು. ದಕ್ಷಿಣ ತುದಿಯ ಮಿನಿಕಾಯ್ ದ್ವೀಪದಲ್ಲಿ 1969ರಲ್ಲೇ ಟ್ಯೂನಾವನ್ನು ಡಬ್ಬಿಗೆ ತುಂಬುವ ಸರಕಾರಿ ಕಾರ್ಖಾನೆ ಶುರುವಾಯಿತು. ಹೀಗಿದ್ದೂ ಪುಣೆಯ ದೊಡ್ಡ ಅಂಗಡಿಗಳಲ್ಲಿ ನಾವು ಎತ್ತಿ ನೋಡಿದ ಡಬ್ಬಿಗಳಲ್ಲಿ ಹೆಚ್ಚಿನವುಗಳ ಮೇಲೆ ಥಾಯ್ಲೆಂಡಿನ ಹೆಸರೇ ಇತ್ತು. ಡಬ್ಬಿ ಟ್ಯೂನಾದ ರಫ್ತಿನಲ್ಲಿ ಜಗತ್ತಿಗೇ ಮೊದಲು ಆ ದೇಶ. ನಮ್ಮ ಕಡಲಿನ ಮೀನು ನಮಗೆ ಸಂಸ್ಕೃತಿಯಲ್ಲ, ಅವರ ಕಾರ್ಖಾನೆಯ ಡಬ್ಬಿ ನಮಗೆ ದುಬಾರಿ. ಬೈಯಬೇಕಾದ ವಿಷಯ ಇದು, ಹುಡುಗನ ಪ್ರಶ್ನೆಯಲ್ಲ.

ಡಬ್ಬಿಯೊಳಗೆ ಏನೇನೋ ಔಷಧಿ ಹಾಕಿರುತ್ತಾರೆಂಬ ಭಯವೂ ನಮ್ಮ ಮನೆಗಳಲ್ಲಿ ಉಂಟು. ಫ್ರಾನ್ಸಿನ ನಿಕೊಲಾ ಅಪೇರ್ ಎಂಬ ಮಿಠಾಯಿಗಾರ ಪದಾರ್ಥಗಳನ್ನು ಗಾಜಿನ ಭರಣಿಯಲ್ಲಿ ಬಿಗಿದು ಕುದಿಸಿ ಇಡುವ ಕ್ರಮವನ್ನು 1810ರಲ್ಲಿ ಪ್ರಕಟಿಸಿದ. ಅದೇ ವರ್ಷ ಇಂಗ್ಲೆಂಡಿನಲ್ಲಿ ಪೀಟರ್ ಡುರಾಂಡ್ ತಗಡಿನ ಡಬ್ಬಿಗೆ ಪೇಟೆಂಟು ಪಡೆದ. ತತ್ತ್ವ ಈಗಲೂ ಅದೇ. ಟ್ಯೂನಾವನ್ನು ಮೊದಲು ಆವಿಯಲ್ಲಿ ಬೇಯಿಸಿ, ಚರ್ಮ, ಮುಳ್ಳು, ಕಪ್ಪು ಮಾಂಸ ತೆಗೆದು, ಉಳಿದದ್ದನ್ನು ನೀರು, ಉಪ್ಪುನೀರು ಅಥವಾ ಎಣ್ಣೆಯೊಡನೆ ಡಬ್ಬಿಗೆ ತುಂಬಿ ಮುಚ್ಚಿ, ಒತ್ತಡದ ಹಂಡೆಯಲ್ಲಿ ಸುಮಾರು 115ರಿಂದ 121 ಡಿಗ್ರಿಯ ಶಾಖದಲ್ಲಿ ಇಡುತ್ತಾರೆ. ನಮ್ಮ ಕುಕ್ಕರಿನ ದೊಡ್ಡಣ್ಣ ಎನ್ನಿ. ಕೆಡಿಸುವ ಕ್ರಿಮಿಗಳು ಒಳಗೇ ಸಾಯುತ್ತವೆ, ಹೊರಗಿನವು ಒಳಗೆ ಬರಲಾರವು. ಉಬ್ಬಿದ ಡಬ್ಬಿ, ಅಂಚಿನಲ್ಲಿ ನಜ್ಜಾದ ಡಬ್ಬಿ, ತುಕ್ಕು ಹಿಡಿದ ಡಬ್ಬಿ ಇವನ್ನು ಮಾತ್ರ ಪುಕ್ಕಟೆ ಕೊಟ್ಟರೂ ಮುಟ್ಟಬಾರದು.

ದೋಷಗಳಿಲ್ಲವೆ? ಇವೆ. ಉಪ್ಪು ಹೆಚ್ಚು, ರಕ್ತದೊತ್ತಡದವರು ನೋಡಿಕೊಳ್ಳಬೇಕು. ದೊಡ್ಡ ಮೀನಾದ್ದರಿಂದ ಪಾದರಸದ ಅಂಶ ಇರುತ್ತದೆ. ಬಸುರಿಯರೂ ಚಿಕ್ಕ ಮಕ್ಕಳೂ ಮಿತಿಯಲ್ಲಿ ತಿನ್ನಬೇಕೆಂದು ವೈದ್ಯರು ಹೇಳುತ್ತಾರೆ. ಸ್ಕಿಪ್‌ಜ್ಯಾಕ್ ಎಂಬ ಸಣ್ಣ ಜಾತಿಯಲ್ಲಿ ಅದು ಕಡಿಮೆ, ಅಲ್ಬಕೋರ್ ಎಂಬ ಬಿಳಿಯ ಜಾತಿಯಲ್ಲಿ ಹೆಚ್ಚು. ಬೆಲೆಯಂತೂ ಅಗ್ಗವಲ್ಲ, ಒಂದು ಡಬ್ಬಿಯ ದುಡ್ಡಿಗೆ ಹೋಟೆಲಿನ ಊಟವೇ ಆದೀತು. ಆದರೆ ಒಂದು ಡಬ್ಬಿಯಲ್ಲಿ ಇಬ್ಬರ ಊಟಕ್ಕೆ ಸಾಲುವ ಮೀನಿದೆ. ರಾತ್ರಿ ಒಂಬತ್ತೂವರೆಗೆ ಹಿಂಜವಡಿಯಿಂದ ವಾಹನಗಳ ಸಾಲಿನಲ್ಲಿ ಬೆಂದು ಬಂದವನು ಮ್ಯಾಗಿ ತಿಂದು ಮಲಗುವುದಕ್ಕಿಂತ ಇದು ನೂರು ಪಾಲು ಮೇಲು.

ನಮ್ಮ ಕರಾವಳಿಯ ಬಂಧುಗಳೂ ಈ ವಿಷಯದಲ್ಲಿ ಸಾಚಾಗಳಲ್ಲ. “ಡಬ್ಬಿ ಮೀನು ಒಂದು ಮೀನಾ? ಗಣೇಶ ಪೇಠೆಗೆ ಹೋಗಿ ತಾಜಾ ಬಂಗುಡೆ ತರಬಾರದಾ?” ಎಂದು ಇವರು ಹುಡುಗನನ್ನು ಇನ್ನೊಂದು ಕಡೆಯಿಂದ ಹಂಗಿಸುತ್ತಾರೆ. ಗಣೇಶ ಪೇಠೆಗೆ ನಾವೂ ಹೋಗುತ್ತೇವೆ. ಕ್ಯಾಂಪಿನ ಶಿವಾಜಿ ಮಾರ್ಕೆಟ್ಟಿಗೂ ಹೋಗುತ್ತಿದ್ದೆವು. 2021ರ ಮಾರ್ಚಿನಲ್ಲಿ ಅಲ್ಲಿನ ಮೀನು ಮಾಂಸದ ಅಂಗಡಿಗಳು ಬೆಂಕಿಗೆ ಆಹುತಿಯಾದಾಗ ಸ್ವಂತ ಬೀದಿ ಸುಟ್ಟಷ್ಟು ಸಂಕಟವಾಯಿತು. ಆದರೆ ವಾಕಡದಿಂದ ಗಣೇಶ ಪೇಠೆ ಎಷ್ಟು ದೂರವೆಂಬುದನ್ನು ಈ ಬಂಧುಗಳು ಒಮ್ಮೆ ಬಸ್ಸಿನಲ್ಲಿ ಹೋಗಿ ನೋಡಲಿ. ನಮ್ಮ ಊರಿಗೆ ಕಡಲು ನೂರು ಕಿಲೋಮೀಟರಿನ ಆಚೆ, ಘಟ್ಟದ ಕೆಳಗೆ. ಇಲ್ಲಿಗೆ ಬರುವ ‘ತಾಜಾ’ ಬಂಗುಡೆಯೂ ಮಂಜುಗಡ್ಡೆಯಲ್ಲಿ ಮಲಗಿ ರಾತ್ರಿಯಿಡೀ ಲಾರಿಯಲ್ಲಿ ಬಂದದ್ದೇ.

ಇದಕ್ಕಿಂತ ದೊಡ್ಡ ಅಡ್ಡಿ ಮನೆಯ ಮಾಲಿಕರದು. ಬಾಡಿಗೆಗೆ ಕೋಣೆ ಹುಡುಕಿದವರಿಗೆಲ್ಲ ಗೊತ್ತು: ಹೆಸರು ಕೇಳುವ ಮೊದಲು ‘ವೆಜ್ ಕಾ?’ ಎಂಬ ಪ್ರಶ್ನೆ. ಸದಾಶಿವ ಪೇಠೆಯ ಹಳೆಯ ವಾಡೆಯಿರಲಿ, ಕೋಥರೂಡದ ಸೊಸೈಟಿಯಿರಲಿ, ಮೀನು ಹುರಿದ ವಾಸನೆ ಮೆಟ್ಟಿಲಿಳಿದರೆ ಮರುದಿನ ಮಾತು ಬರುತ್ತದೆ. ಇಲ್ಲಿ ನಮ್ಮ ಮನಸ್ಸಿನಲ್ಲಿದ್ದ ಇರುಸುಮುರುಸನ್ನು ಹೇಳಿಕೊಳ್ಳಬೇಕು. ಡಬ್ಬಿಯ ಮೀನು ಆಗಲೇ ಬೆಂದಿರುವುದರಿಂದ ಹುರಿಯುವ ಗಲಾಟೆಯಿಲ್ಲ, ತಲೆ ಬಾಲ ಪೊರೆಗಳ ಕಸವಿಲ್ಲ, ಆದ್ದರಿಂದ ವಾಸನೆ ಕಡಿಮೆ. ಇದನ್ನು ಅದರ ಗುಣವೆಂದು ಹೊಗಳಲು ಹೊರಟಾಗ ನಮಗೇ ನಾಚಿಕೆಯಾಯಿತು. ತನ್ನ ಊಟವನ್ನು ಕಳ್ಳನಂತೆ ಉಣ್ಣುವುದಕ್ಕೆ ಇದು ಅನುಕೂಲ ಎಂದು ಹೇಳಿದಂತಾಗಲಿಲ್ಲವೆ? ಮಾಂಸ ಮೀನು ಮಾಡುವುದಿಲ್ಲವೆಂದು ಮಾತು ಕೊಟ್ಟು ಮನೆ ಹಿಡಿದವನು ಬಾಗಿಲು ಹಾಕಿಕೊಂಡು ಡಬ್ಬಿ ತೆರೆಯಲಿ ಎಂದು ನಾವು ಹೇಳಲಾರೆವು. ಕೊಟ್ಟ ಮಾತು ಮಾತೇ. ಅಂಥವನಿಗೆ ಬೇಕಾದ್ದು ಬೇರೆ ಮನೆ, ಅದನ್ನು ಹುಡುಕಿಕೊಡುವುದರಲ್ಲಿ ಸಂಘ ಕೈ ಹಾಕಬಹುದಿತ್ತು. ಸದಸ್ಯರಲ್ಲಿ ಬಾಡಿಗೆಗೆ ಮನೆ ಕೊಡುವವರು ಬೇಕಾದಷ್ಟಿದ್ದಾರೆ. ಅಡುಗೆಯ ಷರತ್ತಿಲ್ಲದೆ ಕನ್ನಡದ ಮಕ್ಕಳಿಗೆ ಕೋಣೆ ಕೊಡಲು ಒಪ್ಪುವವರ ಒಂದು ಪಟ್ಟಿಯನ್ನು ಸಂಘದ ಕಚೇರಿಯಲ್ಲಿ ಇಡಲು ಎಷ್ಟು ಖರ್ಚಾದೀತು? ಒಂದು ನೋಟುಬುಕ್ಕು. ಕಾರ್ಯಕಾರಿ ಸಮಿತಿಯ ಮುಂದೆ ಈ ಸಲಹೆಯನ್ನು ನಾವು ಲಿಖಿತವಾಗಿ ಇಟ್ಟಿದ್ದೇವೆ. ಅಡುಗೆ ಪುಟವನ್ನು ಎಲ್ಲ ಜಿಲ್ಲೆಗಳ ಅಡುಗೆಗೂ ತೆರೆಯಬೇಕೆಂಬುದು ಎರಡನೆಯ ಸಲಹೆ. ಮೀನಿನ ಪುಟವನ್ನು ನೋಡಲಾರದವರು ಹಾಳೆ ಮಗುಚಬಹುದು; ಹೋಳಿಗೆಯ ಪುಟವನ್ನು ಸಕ್ಕರೆ ಕಾಯಿಲೆಯ ನಾವು ಹಾಗೆಯೇ ಮಗುಚುತ್ತಿದ್ದೇವೆ.

ಇನ್ನು ಹುಡುಗನ ಪ್ರಶ್ನೆಗೆ ಬರೋಣ. ಅವನು ಈ ಪತ್ರಿಕೆಯನ್ನು ಓದುತ್ತಾನೋ ಇಲ್ಲವೋ, ಓದುವವರು ಯಾರಾದರೂ ಮುಟ್ಟಿಸಲಿ.

ತಮ್ಮಾ, ಡಬ್ಬಿಯ ಮೀನು ಎರಡು ಸಲ ಬೆಂದದ್ದು, ಇದನ್ನು ಮರೆಯಬೇಡ. ಯಾವ ಅಡುಗೆಯಾದರೂ ಮಸಾಲೆ ಪೂರ್ತಿ ಬೆಂದ ಮೇಲೆ ಕೊನೆಗೆ ಮೀನು ಹಾಕಬೇಕು, ಎರಡು ಮೂರು ನಿಮಿಷ ಬಿಸಿ ತಾಗಿದರೆ ಸಾಕು. ಹೆಚ್ಚು ಕುದಿಸಿದರೆ ತೆಂಗಿನ ನಾರಿನಂತಾಗುತ್ತದೆ. ಉಪ್ಪು ಅದರಲ್ಲೇ ಇದೆ, ರುಚಿ ನೋಡಿ ಹಾಕು. ನೀರಿನ ಡಬ್ಬಿಯಾದರೆ ಹಿಂಡಿ ತೆಗೆ. ಎಣ್ಣೆಯದಾದರೆ ಆ ಎಣ್ಣೆಯಲ್ಲೇ ಒಗ್ಗರಣೆ ಹಾಕಬಹುದು.

ಎಲ್ಲಕ್ಕಿಂತ ಸುಲಭವಾದ್ದು ಸುಕ್ಕ. ಸಾಸಿವೆ, ಕರಿಬೇವು, ಎರಡು ಹಸಿಮೆಣಸು, ಒಂದು ದೊಡ್ಡ ಈರುಳ್ಳಿ ಸಣ್ಣಗೆ ಹೆಚ್ಚಿದ್ದು. ಈರುಳ್ಳಿ ಕೆಂಪಾದ ಮೇಲೆ ಅರಿಸಿನ, ಒಂದು ಚಮಚ ಮೆಣಸಿನ ಪುಡಿ, ಎರಡು ಚಮಚ ಕೊತ್ತಂಬರಿ ಪುಡಿ. ಮೀನು ಹಾಕಿ ಪುಡಿಯಾಗದಂತೆ ತಿರುವಿ, ಮೇಲೆ ತೆಂಗಿನತುರಿ, ಲಿಂಬೆಹುಳಿ. ತೆಂಗು ತುರಿಯುವ ಸೌಕರ್ಯವಿಲ್ಲದಿದ್ದರೆ ಅಂಗಡಿಯ ಒಣಕೊಬ್ಬರಿಯ ಪುಡಿಯೇ ಆದೀತು. ಅನ್ನ ಸಾರಿನ ಜೊತೆಗೆ ಬಹಳ ಹೊಂದುತ್ತದೆ. ಅನ್ನ ಮಾಡಲೂ ಬೇಸರವಾದ ದಿನ ಮೂಲೆಯ ಪೋಳಿ ಭಾಜಿ ಕೇಂದ್ರದಿಂದ ನಾಲ್ಕು ಚಪಾತಿ ತಂದು ಅದರೊಳಗೆ ಸುತ್ತು. ಪುಣೆಯಲ್ಲಿ ಒಂಟಿಯಾಗಿರುವವರನ್ನು ಕಾಯುವ ದೇವರು ಈ ಪೋಳಿ ಭಾಜಿ ಕೇಂದ್ರಗಳೇ.

ಊರಿನ ರುಚಿ ಬೇಕೆಂದೆಯಲ್ಲ, ಅದಕ್ಕೆ ಗಸಿ. ತೆಂಗಿನ ಹಾಲಿನ ಸಣ್ಣ ಪೊಟ್ಟಣ ತಂದುಕೊ. ಎಣ್ಣೆಯಲ್ಲಿ ಏಳೆಂಟು ಮೆಂತೆಕಾಳು, ನಾಲ್ಕು ಎಸಳು ಬೆಳ್ಳುಳ್ಳಿ, ಈರುಳ್ಳಿ ಹುರಿದು, ಒಂದೂವರೆ ಚಮಚ ಬ್ಯಾಡಗಿ ಮೆಣಸಿನ ಪುಡಿ, ಎರಡು ಚಮಚ ಕೊತ್ತಂಬರಿ ಪುಡಿ, ಚಿಟಿಕೆ ಅರಿಸಿನ ಸೇರಿಸು. ಹುಳಿಗೆ ನಾಲ್ಕು ಒಣ ಸಿಪ್ಪೆ ಪುನರ್ಪುಳಿ. ಇಲ್ಲಿನ ಕಿರಾಣಿ ಅಂಗಡಿಯಲ್ಲಿ ಆಮಸೂಲ ಎಂದು ಕೇಳಿದರೆ ಕೊಡುತ್ತಾರೆ. ಒಂದು ಲೋಟ ನೀರು ಹಾಕಿ ಐದು ನಿಮಿಷ ಕುದಿಸಿ, ಉರಿ ಸಣ್ಣ ಮಾಡಿ ತೆಂಗಿನ ಹಾಲು ಹಾಕು, ಜೋರಾಗಿ ಕುದಿಸಿದರೆ ಒಡೆಯುತ್ತದೆ. ಕೊನೆಗೆ ಮೀನು. ಅರೆಯುವ ಕಲ್ಲಿನಲ್ಲಿ ಅಮ್ಮ ಅರೆದ ಮಸಾಲೆಗೆ ಇದು ಸಮನೆಂದು ನಾವು ಸುಳ್ಳು ಹೇಳುವುದಿಲ್ಲ. ಆದರೆ ಮೊದಲ ತುತ್ತಿಗೆ ಕಣ್ಣು ಮುಚ್ಚಿದರೆ ಗಂಗೊಳ್ಳಿಯ ದಡ ಒಂದು ಕ್ಷಣ ಕಂಡೀತು.

ಗಂಜಿಯ ದಿನಕ್ಕೆ ಚಟ್ನಿ. ಒಣಸಿಗಡಿಯ ಚಟ್ನಿಯ ಕ್ರಮವೇ: ಹುರಿದ ಒಣಮೆಣಸು, ಕಾಯಿತುರಿ, ಗೋಲಿಯಷ್ಟು ಹುಣಿಸೆ, ಎರಡೆಸಳು ಬೆಳ್ಳುಳ್ಳಿ ತರಿತರಿಯಾಗಿ ಅರೆದು, ಬಾಣಲೆಯಲ್ಲಿ ಒಣಗುವವರೆಗೆ ಹುರಿದ ಮೀನನ್ನು ಅದರಲ್ಲಿ ಕಲಸು. ಉತ್ತರ ಕರ್ನಾಟಕದ ಕೋಣೆಯ ಗೆಳೆಯನಿದ್ದರೆ ಅವನಿಗೂ ಒಂದು ದಾರಿಯುಂಟು. ವಿಜಾಪುರದ ನಮ್ಮ ಸ್ನೇಹಿತರೊಬ್ಬರು ಹಸಿ ಈರುಳ್ಳಿ, ಶೇಂಗಾ ಹಿಂಡಿ, ಲಿಂಬೆರಸ ಬೆರೆಸಿದ ಮೀನನ್ನು ಜೋಳದ ರೊಟ್ಟಿಗೆ ಹಚ್ಚಿಕೊಂಡು ತಿಂದು, “ನಮ್ಮ ಕಡೆ ಇದು ಯಾಕ ಇಲ್ರೀ?” ಎಂದು ಕೇಳಿದರು. ಬೇಯಿಸಿದ ಆಲೂಗಡ್ಡೆಯೊಡನೆ ಹಿಸುಕಿ ತಟ್ಟಿ ಕಾಯಿಸಿದರೆ ಕಟ್ಲೆಟ್ಟು, ಬೇಕರಿಯ ಪಾವಿನ ನಡುವೆ ಇಟ್ಟರೆ ಮರುದಿನದ ಬುತ್ತಿ. ಉಳಿದ ಅನ್ನಕ್ಕೆ ಲಿಂಬೆ ಒಗ್ಗರಣೆ ಹಾಕಿ ಮೀನು ಉದುರಿಸಿದರೆ ಚಿತ್ರಾನ್ನದ ತಮ್ಮ. ಮೊಸರಿನೊಡನೆ ಮಾತ್ರ ಬೇಡ. ವಿಜ್ಞಾನ ಏನೇ ಹೇಳಲಿ, ಅಜ್ಜಿ ಬೇಡವೆಂದದ್ದನ್ನು ಈ ವಯಸ್ಸಿನಲ್ಲಿ ಮೀರಲು ನಮಗೆ ಧೈರ್ಯವಿಲ್ಲ.

ತೆರೆದ ಡಬ್ಬಿಯಲ್ಲೇ ಉಳಿದದ್ದನ್ನು ಇಡಬೇಡ. ಸ್ಟೀಲಿನ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಟ್ಟು ಎರಡು ದಿನದೊಳಗೆ ಮುಗಿಸು. ಫ್ರಿಜ್ಜಿಲ್ಲದ ಕೋಣೆಯಾದರೆ ಪಕ್ಕದ ಕೋಣೆಯವನನ್ನು ಊಟಕ್ಕೆ ಕರೆ. ಖಾಲಿ ಡಬ್ಬಿಯನ್ನು ಸೋಪುನೀರಿನಲ್ಲಿ ತೊಳೆದು ಒಣಕಸಕ್ಕೆ ಹಾಕು. ಮುಚ್ಚಳದ ಅಂಚು ಚೂರಿಯಂತಿರುತ್ತದೆ, ಅದನ್ನು ಡಬ್ಬಿಯೊಳಗೇ ಹಾಕಿ ಬಾಯನ್ನು ಒತ್ತಿ ಮುಚ್ಚು. ಬೆಳಿಗ್ಗೆ ಕಸ ಬೇರ್ಪಡಿಸಲು ಬರುವ ಹೆಣ್ಣುಮಗಳು ಬರಿಗೈಯಲ್ಲಿ ಆರಿಸುತ್ತಾಳೆ.